ಬೆಲೆ ಕೇಳಿದ ಕನ್ನಡಿ

11 ಆಗಸ್ಟ್ 2025, ಸೋಮವಾರ

ಗೊಬ್ಬರದ ಅಂಗಡಿಯವನು ಯುಗಾದಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಪ್ರತಿ ಪುಟದ ತಳದಲ್ಲೂ ಯೂರಿಯಾ ಚೀಲದ ಚಿತ್ರ. ದೊಡ್ಡ ಮನುಷ್ಯರು ಡೈರಿ ಬರೆಯುತ್ತಾರೆಂದು ಕೇಳಿದ್ದೆ. ಮಾಡಲು ಬೇರೆ ಕೆಲಸವಿಲ್ಲದವರೂ ಬರೆಯುತ್ತಾರೆಂದು ಈಗ ಗೊತ್ತಾಯಿತು.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸುವಾಗ ಮೇಲಿನ ಅಡ್ಡೆಯಿಂದ ಜಾರಿ ಬಿದ್ದು ಎಡಗಾಲಿನ ಹಿಮ್ಮಡಿ ಮುರಿದುಕೊಂಡೆ. ಪಿರಿಯಾಪಟ್ಟಣದ ಡಾಕ್ಟರು ಮೊಣಕಾಲಿನ ತನಕ ಪಟ್ಟಿ ಹಾಕಿ, 'ನೆಲಕ್ಕೆ ಕಾಲು ಊರಬೇಡಿ ಮಹದೇವಪ್ಪನವರೇ, ಆರಾಮಾಗಿರಿ' ಎಂದರು. ಸೊಪ್ಪು ಬೇಯಿಸುವ ಕಾಲದಲ್ಲಿ ರೈತನಿಗೆ ಆರಾಮಾಗಿರಿ ಎನ್ನುವವರು ಯಾವ ಪುಸ್ತಕ ಓದಿ ಡಾಕ್ಟರಾದರೋ. ಈಗ ಬ್ಯಾರನ್ನಿನ ಜವಾಬ್ದಾರಿ ನನ್ನ ತಮ್ಮ ಕಾಂತರಾಜುವಿನದು. ಅವನ ಕೈಯಲ್ಲಿ ಸೊಪ್ಪು ಹೊಂಬಣ್ಣಕ್ಕೆ ತಿರುಗಿದರೆ ಅದು ಸೊಪ್ಪಿನ ಒಳ್ಳೆಯತನ.

ನಡುಮನೆಯಲ್ಲಿ ನನಗೆ ಮಂಚ ಹಾಕಿದ್ದಾರೆ. ಎದುರಿನ ಗೋಡೆಗೆ ಒರಗಿ ನನ್ನ ಹೆಂಡತಿ ಸುನಂದ ಟ್ಯಾಬು ಹಿಡಿದು ಯಾವುದೋ ಆಟ ಆಡುತ್ತಿರುತ್ತಾಳೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ತಾನೇ ಆಡುವ ಹೆಂಗಸನ್ನು ನಮ್ಮ ಊರಿನಲ್ಲಿ ನಾನು ಬೇರೆ ಕಂಡಿಲ್ಲ.

ಆ ಟ್ಯಾಬು ಕೊರೊನಾ ಕಾಲದಲ್ಲಿ ಮಗಳ ಕಾಲೇಜು ಪಾಠಕ್ಕೆಂದು ತಂದದ್ದು. ಇದ್ದವಳು ಒಬ್ಬಳೇ ಮಗಳು. ಅವಳು ಹೋದ ವರ್ಷ ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಸುರೇಶನನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿ ಹೊರಟುಹೋದಳು. ಅವನ ಅವ್ವ ಗಾವಡಗೆರೆಯ ಚಿಕ್ಕಬಸಮ್ಮ, ನಮ್ಮ ಬ್ಯಾರನ್ನಿಗೆ ಸೊಪ್ಪು ಕಟ್ಟಲು ಬರುತ್ತಿದ್ದವಳು. ನನಗೆ ಜಾತಿಗೀತಿ ಇಲ್ಲ, ಜನಕ್ಕಿದೆ. ಆ ಜನದ ನಡುವೆ ಬದುಕಬೇಕಾದವನು ನಾನು. ಅಂದಿನಿಂದ ಅವಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು, ಫೋನು ಮಾಡಬಾರದು ಎಂದು ಹೇಳಿದ್ದೇನೆ. ಡೈರಿಗೂ ಅದೇ ಕಾನೂನು. ಇಲ್ಲಿ ಅವಳು 'ಹೋದವಳು', ಅಷ್ಟೆ.

14 ಆಗಸ್ಟ್, ಗುರುವಾರ

ಸುನಂದಳ ಆಟವನ್ನು ಇವತ್ತು ಪೂರ್ತಿ ನೋಡಿದೆ. ನೋಡಬೇಕೆಂದು ನೋಡಿದ್ದಲ್ಲ. ಮಂಚದ ಮೇಲೆ ಬಿದ್ದವನು ಕಣ್ಣನ್ನು ಇನ್ನೆಲ್ಲಿ ಇಡಲಿ, ತೊಲೆ ನೋಡಿ ನೋಡಿ ಸಾಕಾಗಿದೆ.

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಂದು ಬೊಂಬೆ ದೋಣಿಯಿಂದ ಸಮುದ್ರಕ್ಕೆ ಧುಮುಕುತ್ತದೆ. ತಳದಲ್ಲಿ ಮುಳುಗಿದ ಹಡಗು, ಬಿದ್ದ ಕಂಬ, ಒಡೆದ ಕೊಡ. ಅಲ್ಲಿ ಸಿಕ್ಕ ಹಳೆ ಸಾಮಾನನ್ನು ತಂದು ಗಾಜಿನ ಬೀರುವಿನಲ್ಲಿ ಜೋಡಿಸಬೇಕು. ಇಷ್ಟೇ ಆಟ. ನಮ್ಮ ಅಟ್ಟದಲ್ಲಿ ಇದಕ್ಕಿಂತ ಹಳೆಯ ಸಾಮಾನಿದೆ, ಅದನ್ನು ಇಳಿಸಿ ಒರೆಸೆಂದರೆ ಇವಳಿಗೆ ಸೊಂಟನೋವು. ಹೊಳೆಯಲ್ಲಿ ಮಂಡಿಯುದ್ದ ನೀರಿಗೆ ಇಳಿಯದ ಹೆಂಗಸು ಟ್ಯಾಬಿನಲ್ಲಿ ಸಮುದ್ರದ ತಳ ಗುಡಿಸುತ್ತಿದ್ದಾಳೆ.

'ಏನ್ ಹುಡುಕ್ತಿದ್ದೀಯ ಅಷ್ಟೊಂದು?'

'ಕನ್ನಡಿ ಕಣ್ರೀ. ಕಂಚಿನ ಕನ್ನಡಿ, ಹಳೇ ಕಾಲದ್ದು. ಎಲ್ಲಾ ಸಿಕ್ಕೈತೆ, ಅದೊಂದೇ ಸಿಕ್ಕಿಲ್ಲ.'

'ಕಂಚಲ್ಲಿ ಮುಖ ಕಾಣ್ತದಾ?'

'ಉಜ್ಜಿದ್ರೆ ಕಾಣ್ತದೆ. ಗುಡೀಲಿ ದೇವ್ರಿಗೆ ತೋರ್ಸಕಿಲ್ವಾ?'

'ಸಿಕ್ಕಿದ್ಮೇಲೆ ಏನ್ಮಾಡ್ತೀಯ, ತಲೆ ಬಾಚ್ಕತೀಯಾ?'

ಅವಳು ಮತ್ತೆ ನೀರಿಗೆ ಧುಮುಕಿದಳು. ಅವಳ ಬೊಂಬೆಯ ಪಕ್ಕದಲ್ಲೇ ಹಳದಿ ಸಿಲಿಂಡರಿನ ಇನ್ನೊಂದು ಬೊಂಬೆ ಈಜುತ್ತಿತ್ತು. ತಲೆಯ ಮೇಲೆ 'ಮೀನು' ಎಂದು ಹೆಸರು. ಯಾರದು ಎಂದೆ. 'ಯಾರೋ, ಆಟದವ್ರು. ಎಲ್ಲೋ ಕೂತ್ಕಂಡು ಅವ್ರೂ ಆಡ್ತಾರೆ' ಎಂದಳು. ಹೀಗೆ ಕೆಲಸವಿಲ್ಲದವರು ದೇಶದ ತುಂಬ ಇದ್ದಾರೆಂದಾಯಿತು.

19 ಆಗಸ್ಟ್, ಮಂಗಳವಾರ

ಹೋದವಳಿಗೆ ಏಳು ತಿಂಗಳು ತುಂಬಿದೆಯಂತೆ. ಸುನಂದ ನನ್ನ ಕಾಲಿನ ಕೆಳಗೆ ದಿಂಬು ಇಡುತ್ತ, ಮುಖ ನೋಡದೆ ಹೇಳಿದಳು.

'ಮೊದಲ್ನೇ ಬಾಣಂತನ ತವರಲ್ಲಿ ಆಗ್ಬೇಕು ಕಣ್ರೀ. ಕರ್ಕೊಂಡ್ ಬರಾನ.'

'ಯಾರ್ನ?'

'ಯಾರ್ನ ಅಂತ ಕೇಳ್ಬ್ಯಾಡಿ.'

'ನಂಗೆ ಮಕ್ಕಳಿಲ್ಲ ಅಂತ ಸಂತೆಬೀದೀಲಿ ನಿಂತು ಏಳಿದೀನಿ. ಇಲ್ಲದ ಮಗ್ಳಿಗೆ ಬಾಣಂತನ ಎಲ್ಲಿಂದ ಬಂತು?'

'ಆ ಹುಡ್ಗಂದು ಎರಡು ಕೋಣೆ ಬಾಡಿಗೆ ಮನೆ. ಚಿಕ್ಕಬಸಮ್ಮಂಗೆ ಮಂಡಿನೋವು. ಯಾರ್ ನೋಡ್ಕತಾರೆ?'

'ರಿಜಿಸ್ಟರ್ ಆಫೀಸಲ್ಲಿ ಸಾಕ್ಷಿ ಆಕಿದ್ರಲ್ಲ, ಅವ್ರು ನೋಡ್ಕತಾರೆ ಬುಡು.'

ಅವಳು ದಿಂಬನ್ನು ಜೋರಾಗಿ ತಟ್ಟಿ ಎದ್ದು ಹೋದಳು. ಇಂಥ ಮಾತು ನನಗೆ ತಕ್ಷಣ ಹೊಳೆಯುತ್ತದೆ. ಕಾಲು ಮುರಿದಿದೆ, ನಾಲಿಗೆ ಮುರಿದಿಲ್ಲ.

26 ಆಗಸ್ಟ್, ಮಂಗಳವಾರ. ಗೌರಿ ಹಬ್ಬ

ಸುನಂದ ಎರಡು ಜೊತೆ ಮೊರ ತೊಳೆದು ಅರಿಶಿನ ಬಳಿದು ಜಗಲಿಯಲ್ಲಿ ಒಣಗಿಸಿದ್ದಳು. ಧಾನ್ಯ, ಬಳೆ, ಬಾಚಣಿಗೆ, ಅಂಗೈಯಗಲದ ಕನ್ನಡಿ, ಎಲ್ಲವೂ ಎರಡೆರಡು. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗುವ ದಿನ. ಒಂದು ಜೊತೆ ಮಿರ್ಲೆಯಲ್ಲಿರುವ ನನ್ನ ಅಕ್ಕ ಮಾಯಮ್ಮನಿಗೆ. ಇನ್ನೊಂದು ಯಾರಿಗೆಂದು ನಾನು ಕೇಳಲಿಲ್ಲ. ಕಾಂತರಾಜುವನ್ನು ಕರೆದು ಅಟ್ಟಕ್ಕೆ ಹಾಕಿಸಿದೆ.

ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಹೋಳಿಗೆ ಬಡಿಸಿದಳು, ಕೈ ತೊಳೆದಳು, ಟ್ಯಾಬು ಹಿಡಿದು ನೀರಿಗೆ ಇಳಿದಳು.

28 ಆಗಸ್ಟ್, ಗುರುವಾರ

ಸೊಪ್ಪು ಕಟ್ಟುವವರಿಗೆ ಬುತ್ತಿ ಕೊಡಲು ಸುನಂದ ಹೊಲಕ್ಕೆ ಹೋಗಿದ್ದಳು. ಟ್ಯಾಬು ನನ್ನ ಕೈಗೆ ಎಟುಕುವ ಹಾಗೆ ಬಿಟ್ಟಿದ್ದಳು. ಆ ಕನ್ನಡಿಯನ್ನು ಅವಳಿಗಿಂತ ಮೊದಲು ನಾನೇ ಹುಡುಕಿ, ಇಷ್ಟಕ್ಕೇನಾ ನೀನು ಇಷ್ಟು ದಿನ ಒದ್ದಾಡಿದ್ದು ಎಂದು ಕೇಳಬೇಕೆನ್ನಿಸಿತು.

ಮುಳುಗಿ ಸತ್ತೆ. ಮತ್ತೆ ಇಳಿದೆ, ಮತ್ತೆ ಸತ್ತೆ. ಸತ್ತಾಗಲೆಲ್ಲ ದೋಣಿಯ ಮೇಲೆ ಹುಟ್ಟುತ್ತಾರೆ, ಇದೊಂದು ಅನುಕೂಲ. ಆಟ ಮಾಡಿದವನಿಗೆ ಬುದ್ಧಿ ಇಲ್ಲ. ಎಡಕ್ಕೆ ಒತ್ತಿದರೆ ಎಡಕ್ಕೆ ಹೋಗದೆ ತಲೆಕೆಳಗಾಗುತ್ತದೆ. ಆ ಹಳದಿ ಸಿಲಿಂಡರಿನ ಮೀನು ಎಲ್ಲಿಂದಲೋ ಬಂದು ನನ್ನನ್ನು ಸುತ್ತು ಹಾಕಿ, ಬ್ಯಾಟರಿ ಮಿಣುಕಿಸಿ ದಾರಿ ತೋರಿಸಿತು. ನಾನು ಬೇಕೆಂದೇ ಬೇರೆ ದಾರಿಯಲ್ಲಿ ಹೋಗಿ ಸತ್ತೆ.

1 ಸೆಪ್ಟೆಂಬರ್, ಸೋಮವಾರ

ಈ ಮೀನು ಯಾರದೋ ಮಗುವಿರಬೇಕು. ಬಾವಲಿ ಗಡಿ ದಾಟಿ ಕೇರಳದ ಕಡೆಯದೇನೋ, ಈಜು ಅಷ್ಟು ಚೆನ್ನಾಗಿದೆ. ನನ್ನ ಗಾಳಿ ಮುಗಿಯುತ್ತ ಬಂದಾಗ ಹತ್ತಿರ ಬಂದು ತನ್ನ ಸಿಲಿಂಡರಿನಿಂದ ಕೊಳವೆ ಕೊಡುತ್ತದೆ. ನಾನು ತಪ್ಪಿಸಿಕೊಂಡರೆ ಹಿಂದಿರುಗಿ ಬಂದು ಕಾಯುತ್ತದೆ. ಆಟದಲ್ಲಿ ಮಾತು ಬರೆದು ಕಳಿಸಬಹುದು, ಬರೆದದ್ದು ಗುಳ್ಳೆಯ ಹಾಗೆ ಮೇಲೇರಿ ಒಡೆದುಹೋಗುತ್ತದೆ. ನಾನು ಬರೆಯಲಿಲ್ಲ. ಆ ಮಗುವೂ ಸುಮ್ಮನಿತ್ತು.

ಹೆತ್ತವರು ಚೆನ್ನಾಗಿ ಬೆಳೆಸಿದ್ದಾರೆ. ದೊಡ್ಡವರನ್ನು ನಡುನೀರಿನಲ್ಲಿ ಬಿಟ್ಟು ಹೋಗದಂಥ ಮಕ್ಕಳು ಕೆಲವರಿಗೆ ಹುಟ್ಟುತ್ತವೆ. ಅದಕ್ಕೂ ಪುಣ್ಯ ಮಾಡಿರಬೇಕು.

6 ಸೆಪ್ಟೆಂಬರ್, ಶನಿವಾರ

ಮಿರ್ಲೆಯಿಂದ ಅಕ್ಕ ಮಾಯಮ್ಮ ಕಾಲು ನೋಡಲು ಬಂದಳು. ಕಾಲನ್ನು ನೋಡಿದ್ದು ಒಂದು ಗಳಿಗೆ. ಉಳಿದ ಹೊತ್ತೆಲ್ಲ ಹೋದವಳ ವಿಚಾರ.

'ಬಸ್ರಿ ಅಂತಲ್ಲೋ! ಕಿವಿಗೆ ಬಿತ್ತು. ಕರ್ಕೊಂಡ್ಗಿರ್ಕೊಂಡ್ ಬಂದೀಯ, ಉಸಾರು. ಆ ಮನೇವ್ರ ಕೂಸು ನಮ್ಮ ತೊಟ್ಲಲ್ಲಿ ಮಲಗಾದಾ? ಅಲ್ಲೇ ಎರ್ಲಿ, ಅಲ್ಲೇ ಸಾಯ್ಲಿ ಬುಡು, ಸೌಂದರ್ಯ ಅಂತ ಎಸ್ರು ಬ್ಯಾರೆ ಕೇಡು ಅದ್ಕೆ.'

ನಾನು ಆಡುವ ಮಾತನ್ನೇ ಆಡಿದಳು. ಆದರೆ ಸಾಯುವ ಮಾತು ನಾನು ಎಂದೂ ಆಡಿಲ್ಲ. ಅಲ್ಲದೆ ಹೆಸರಿಟ್ಟವನು ನಾನು, ಕೇಡೋ ಪಾಡೋ ಹೇಳಲು ಇವಳು ಯಾರು? ಈಕೆಯ ಮಗ ಕೆ.ಆರ್. ನಗರದಲ್ಲಿ ಕುಡಿದು ಚರಂಡಿಗೆ ಬಿದ್ದು ಎದ್ದು ಬಂದದ್ದು ನನ್ನ ಕಿವಿಗೂ ಬಿದ್ದಿದೆ. 'ಅಕ್ಕ, ಕೊನೇ ಬಸ್ಸು ತಪ್ಪೋಯ್ತದೆ' ಎಂದೆ. ಹೊರಗೆ ಇನ್ನೂ ಬಿಸಿಲಿತ್ತು. ಅವಳು ಮುಖ ಊದಿಸಿಕೊಂಡು ಹೋದಳು. ಸುನಂದ ಅಡಿಗೆಮನೆಯಿಂದ ಇಣುಕಿ ನೋಡಿದಳು. ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಎಂದು ಅವಳ ಮೇಲೆ ರೇಗಿದೆ.

9 ಸೆಪ್ಟೆಂಬರ್, ಮಂಗಳವಾರ

ಮಳೆ. ಕರೆಂಟಿಲ್ಲ. ಟ್ಯಾಬು ಸತ್ತಿದೆ. ಮೀನು ದೋಣಿಯ ಹತ್ತಿರ ಕಾಯುತ್ತಿರಬಹುದು. ಕಾಯಲಿ, ನಾನೇನು ಬಾ ಎಂದಿದ್ದೆನೆ.

12 ಸೆಪ್ಟೆಂಬರ್, ಶುಕ್ರವಾರ

ಮೀನು ಬಂದಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಒಬ್ಬನೇ ಇಳಿದೆ, ಬೇಜಾರಾಗಿ ಹತ್ತಿದೆ. ಸುನಂದ ಆಡುವಾಗ ಏನೂ ಗೊತ್ತಿಲ್ಲದವನ ಹಾಗೆ, 'ನಿನ್ನ ಹಳದಿ ಬೊಂಬೆ ಕಾಣ್ನಿಲ್ವಲ್ಲ' ಎಂದು ಕೇಳಿದೆ.

'ಕಾಲು ಊದ್ಕಂಡೈತಂತೆ. ಆಸ್ಪತ್ರೆಗೆ ಓಗಿತ್ತಂತೆ' ಎಂದವಳು ನಾಲಿಗೆ ಕಚ್ಚಿಕೊಂಡಳು.

ಎಲ್ಲೋ ಇರುವ ಮಗುವಿನ ಕಾಲು ಊದಿದ್ದು ಇವಳಿಗೆ ಹೇಗೆ ತಿಳಿಯಿತೋ. ಕೇಳೋಣವೆಂದರೆ ಕಾಂತರಾಜು ಬಂದ. ಅವನು ತಂದು ತೋರಿಸಿದ ಸೊಪ್ಪಿನ ಬಣ್ಣ ನೋಡಿ ಬೇರೆ ಎಲ್ಲವೂ ಮರೆತುಹೋಯಿತು. ಬೆಂಕಿಯನ್ನು ಇವನು ಒಲೆಗೆ ಹಾಕುತ್ತಾನೋ ಸೊಪ್ಪಿಗೇ ಇಡುತ್ತಾನೋ.

15 ಸೆಪ್ಟೆಂಬರ್, ಸೋಮವಾರ

ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸುನಂದ ಹೊಲಕ್ಕೆ ಹೋದ ಮೇಲೆ ನೀರಿಗೆ ಇಳಿದೆ. ಮೀನು ಬಂದಿತ್ತು. ಕಾಲು ವಾಸಿಯಾಯಿತೆಂದು ಕಾಣುತ್ತದೆ ಎಂದುಕೊಂಡೆ. ಮುಳುಗಿದ ಹಡಗಿನ ಹಿಂದೆ ನಾನು ಕೆಸರಿನಲ್ಲಿ ಸಿಕ್ಕಿಬಿದ್ದೆ. ಮೇಲೇಳುವ ಗುಂಡಿ ಯಾವುದೆಂದು ಮರೆತು ಸುಮ್ಮನೆ ನಿಂತೆ. ಮೀನೂ ಪಕ್ಕದಲ್ಲಿ ಸುಮ್ಮನೆ ನಿಂತಿತು. ಸುನಂದ ಆಗಿದ್ದರೆ ಅಷ್ಟು ಹೊತ್ತಿಗೆ ಎಲ್ಲವನ್ನೂ ಕಲಕಿ ಮುಂದೆ ಹೋಗಿರುತ್ತಿದ್ದಳು. ಕೆಸರು ತಳಕ್ಕೆ ಕೂತಿತು, ನೀರು ತಿಳಿಯಾಯಿತು. ನನ್ನ ಬೊಂಬೆಯ ಕಾಲ ಬುಡದಲ್ಲೇ ದುಂಡನೆಯ ಹಸಿರು ಬಿಲ್ಲೆಯೊಂದು ಮಣ್ಣಿನಿಂದ ಅರ್ಧ ಎದ್ದಿತ್ತು.

ಎತ್ತಿಕೊಂಡೆ. ವಾದ್ಯ ಮೊಳಗಿತು. ಬಿಲ್ಲೆ ದೊಡ್ಡದಾಗಿ ತಿರುಗಿತು. ಬೆನ್ನಿನಲ್ಲಿ ಬಳ್ಳಿ, ಹಕ್ಕಿ, ಹಿಡಿಯಲು ಒಂದು ಗುಬುಟು. ಇನ್ನೊಂದು ಮಗ್ಗುಲಲ್ಲಿ ಕಿಲುಬು ಕರಗಿ ಹೊಳಪು ಬಂತು. ಅದರಲ್ಲಿ ನನ್ನ ಬೊಂಬೆ, ಪಕ್ಕದಲ್ಲಿ ಹಳದಿ ಸಿಲಿಂಡರು, ಇಬ್ಬರೂ ಕಂಡೆವು. ಮೀನು ಸಂತೋಷದಿಂದ ಪಲ್ಟಿ ಹೊಡೆಯಿತು. ನನಗೂ ಸಂತೋಷವಾಯಿತು. ಸುಳ್ಳೇಕೆ ಹೇಳಲಿ.

ನಮ್ಮ ದೋಣಿಯ ಪಕ್ಕದಲ್ಲಿ ಹಳೆ ಸಾಮಾನು ಕೊಳ್ಳುವ ಗಡ್ಡದ ಮುದುಕನ ದೋಣಿ ಇರುತ್ತದೆ. ಸುನಂದ ಇಷ್ಟು ದಿನ ಒದ್ದಾಡಿದ ಮಾಲಿಗೆ ಬೆಲೆ ಎಷ್ಟು ಬರುತ್ತದೆಂದು ತಿಳಿಯೋಣವೆಂದು ಕನ್ನಡಿಯನ್ನು ಅವನ ಮುಂದಿಟ್ಟೆ. ಬೆಲೆ ಬಿತ್ತು. ಇಂಗ್ಲಿಷಿನಲ್ಲಿ ಏನೋ ಕೇಳಿತು. ಹಸಿರು ಗುಂಡಿ ಒತ್ತಿದೆ. ಪಿರಿಯಾಪಟ್ಟಣದ ಹರಾಜುಕಟ್ಟೆಯಲ್ಲಿ ಹೊಗೆಸೊಪ್ಪಿನ ಮೂಟೆಗೆ, ಬೇಲು ಅನ್ನುತ್ತೇವೆ, ಬೆಲೆ ಬೀಳುತ್ತದೆ. ಒಪ್ಪಿದರೆ ಕೊಡುತ್ತೇವೆ, ಒಪ್ಪದಿದ್ದರೆ ಬೇಲು ವಾಪಸ್, ಇನ್ನೊಂದು ದಿನ ತಂದರಾಯಿತು. ಬೆಲೆ ಕೇಳಿದ ಮಾತ್ರಕ್ಕೆ ಮಾಲು ಕೈಬಿಡುವುದಿಲ್ಲ. ಇದು ನನ್ನ ಅಪ್ಪನ ಕಾಲದಿಂದ ಇರುವ ನ್ಯಾಯ. ಆ ಗಡ್ಡದವನಿಗೆ ನ್ಯಾಯವೂ ಇಲ್ಲ, ನೀತಿಯೂ ಇಲ್ಲ. ಕನ್ನಡಿ ತೆಗೆದುಕೊಂಡು ದೋಣಿ ಬಿಟ್ಟೇಬಿಟ್ಟ.

ಮೀನು ಅಲುಗಾಡದೆ ನಿಂತಿತು. ಆಮೇಲೆ ಅದರ ತಲೆಯಿಂದ ಒಂದು ಗುಳ್ಳೆ ಎದ್ದಿತು. ಕನ್ನಡದಲ್ಲಿತ್ತು. 'ಯಾಕೆ ಮಾರಿದ್ದು?'

ಕೇರಳದ ಮಗುವಿಗೆ ಕನ್ನಡ ಬರುತ್ತದಲ್ಲ ಎಂದು ನನಗೆ ಅನ್ನಿಸಿದ್ದೂ ಉಂಟು. ಗಾಬರಿಯಲ್ಲಿ ನಾನು ಹೀಗೆ ಬರೆದೆ: 'ಮಾರಿಲ್ಲ. ಬೆಲೆ ಕೇಳಿದ್ದು ಅಷ್ಟೆ. ನಂಗೆ ಒಪ್ಪಿಗೆ ಇಲ್ಲ, ಬೇಲು ವಾಪಸ್ ಮಾಡ್ಸು. ವಾಪಸ್ ಗುಂಡಿ ಎಲ್ಲೈತೆ?'

ಮೀನು ನನ್ನ ಬೊಂಬೆಯನ್ನು ಒಂದು ಸುತ್ತು ಹಾಕಿತು. ಆಮೇಲೆ ಸಣ್ಣದೊಂದು ಗುಳ್ಳೆ ಎದ್ದಿತು.

'ಅಪ್ಪಾ?'

ಟ್ಯಾಬನ್ನು ಕಂಬಳಿಯ ಕೆಳಗೆ ತುರುಕಿದೆ.

16 ಸೆಪ್ಟೆಂಬರ್, ಮಂಗಳವಾರ

ಸುನಂದ ಬೆಳಿಗ್ಗೆ ಆಟ ತೆಗೆದು ಲೆಕ್ಕಕ್ಕೆ ಬಂದ ದುಡ್ಡು ನೋಡಿದಳು, ಮೀನಿನ ಜೊತೆ ಏನೋ ಬರೆದುಕೊಂಡಳು, ನನ್ನ ಮಂಚದ ಮುಂದೆ ಬಂದು ನಿಂತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

'ನಾನು ಆಟದ ಹುಚ್ಗೆ ಆಡ್ತಿದ್ದೆ ಅನ್ಕಂಡ್ರಾ? ಫೋನ್ ಮಾಡ್ಬ್ಯಾಡ ಅಂದ್ರಿ, ಮಾಡ್ನಿಲ್ಲ. ಎಸ್ರು ಎತ್ಬ್ಯಾಡ ಅಂದ್ರಿ, ಎತ್ನಿಲ್ಲ. ನೀರೊಳ್ಗೆ ಮಗ್ಳ ಪಕ್ಕದಲ್ಲಿ ನಿಂತ್ಕಬ್ಯಾಡ ಅಂತ ಅಂದಿದ್ರಾ?'

'ಕದ್ದು ಮಾಡಿದ್ದು ಅಂತ ಒಪ್ಕತೀಯಾ?'

'ಒಪ್ಕತೀನಿ. ಬಾಗಿನ ಅಟ್ಟಕ್ಕೆ ಆಕ್ಸಿದ್ರಿ. ಮೊದಲ್ನೇ ಗೌರಿ, ಬಸ್ರಿ ಹೆಂಗ್ಸು, ತವರಿಂದ ಒಂದು ಕನ್ನಡಿ ಓಗ್ನಿಲ್ಲ. ನೀವು ಬುಡಕಿಲ್ಲ ಅಂತ ಮೊದ್ಲೇ ಗೊತ್ತಿತ್ತು, ಆಟದಲ್ಲಾದ್ರೂ ಕೈಯಿಂದ ಕೈಗೆ ಕೊಡಾನ ಅಂತ ಅದ್ನ ಹುಡುಕ್ತಿದ್ದೆ. ಅಂಗೆ ಕೊಡಾಕೆ ಗುಂಡಿ ಐತೆ ಅದ್ರಲ್ಲಿ. ನಿಮ್ಗೆ ಸಿಕ್ತು, ಅವ್ಳ ಎದ್ರುಗೇ ಮಾರ್ಬುಟ್ರಿ.'

'ಬೆಲೆ ಕೇಳಿದ್ದು ಕಣೇ.'

'ಎಲ್ಲದಕ್ಕೂ ಬೆಲೆ ಕೇಳ್ಕಂಡು ಕೂತ್ಕಳಿ. ಅಮಾಸೆ ಕಳೀತಿದ್ದಂಗೆ ನಾನು ಹುಣಸೂರಿಗೆ ಓಯ್ತೀನಿ. ಆ ಬಾಡಿಗೆ ಮನೇಲೇ ಬಾಣಂತನ ಮಾಡ್ತೀನಿ. ನಿಮ್ ಕಾಲ ನೀವೇ ನೋಡ್ಕಳಿ.'

ಹೆಂಗಸಿನ ಮಾತು, ಸಂಜೆಗೆ ಆರುತ್ತದೆ ಎಂದುಕೊಂಡೆ. ಸಂಜೆಗೆ ಟ್ರಂಕು ಇಳಿಸಿದಳು.

18 ಸೆಪ್ಟೆಂಬರ್, ಗುರುವಾರ

ಯೋಚನೆ ಮಾಡಿದೆ. ಸುನಂದ ಹುಣಸೂರಿಗೆ ಹೋದರೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವವರಾರು? ಕಾಂತರಾಜು ಸೊಪ್ಪನ್ನೇ ನೆಟ್ಟಗೆ ಎತ್ತಲಾರ. ಸೊಪ್ಪು ಕಟ್ಟುವವರಿಗೆ ಬುತ್ತಿ ಒಯ್ಯುವವರಾರು? ಎರಡು ಕಡೆ ಸಂಸಾರ ಮಾಡುವುದಕ್ಕಿಂತ ಒಂದೇ ಕಡೆ ಎಲ್ಲರೂ ಇರುವುದು ಖರ್ಚಿಗೂ ಕಡಿಮೆ, ಓಡಾಟಕ್ಕೂ ಕಡಿಮೆ. ಇದು ಕರುಣೆಯಲ್ಲ, ಅನುಕೂಲ.

ಸುನಂದಳಿಗೆ ಹೇಳಿದೆ. ಹೋದವಳು ಹೆರಿಗೆಗೆ ಇಲ್ಲಿಗೇ ಬರಬಹುದು. ನಾನು ಅವಳ ಜೊತೆ ಮಾತಾಡುವುದಿಲ್ಲ, ಅವಳೂ ನನ್ನನ್ನು ಮಾತಾಡಿಸಕೂಡದು. ಸುನಂದ ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ಏರಿಸುವಾಗ ಹಾಡು ಗುನುಗುತ್ತಿದ್ದಳು. ಗೆದ್ದೆನೆಂದು ತಿಳಿದಿದ್ದಾಳೆ, ಪಾಪ.

22 ಸೆಪ್ಟೆಂಬರ್, ಸೋಮವಾರ

ನಿನ್ನೆ ಮಾರ್ನಮಿ ಅಮಾವಾಸ್ಯೆ ಕಳೆಯಿತು. ಹೋದವಳು ಇವತ್ತು ಬಂದಳು. ಬಂದವಳನ್ನು ಹೋದವಳು ಎಂದು ಬರೆಯುವುದು ಲೆಕ್ಕಕ್ಕೆ ಸರಿಬರುವುದಿಲ್ಲ. ಕಾಗದದ ಮೇಲೆ ಸೌಂದರ್ಯ ಎಂದು ಬರೆದರೆ ಮಾತಾಡಿದ ಹಾಗೇನೂ ಆಗುವುದಿಲ್ಲ.

ಸೌಂದರ್ಯ ಆಟೋದಿಂದ ಇಳಿಯುವಾಗ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡಿದ್ದಳು. ಇಷ್ಟು ಬಡಕಲಾಗಿ ಯಾವ ಬಸುರಿಯನ್ನೂ ನಾನು ನೋಡಿಲ್ಲ. ಆ ಹುಡುಗ ಏನು ತಿನ್ನಿಸಿದನೋ, ಮೊಬೈಲ್ ಬ್ಯಾಟರಿ ಇರಬೇಕು. ನನ್ನ ಮಂಚದ ಮುಂದೆ ಒಂದು ಗಳಿಗೆ ನಿಂತಳು. ನಾನು ಕಾಲಿನ ಪಟ್ಟಿಯನ್ನು ಪರೀಕ್ಷಿಸಿದೆ. ಒಳಕೋಣೆಗೆ ಹೋದಳು.

ಸುರೇಶ ಚೀಲಗಳನ್ನು ಹಿಡಿದು ಜಗಲಿಯಲ್ಲೇ ನಿಂತಿದ್ದ. ಒಳಗೆ ಬಾ ಎಂದು ನಾನು ಅನ್ನಲಿಲ್ಲ. ಕರೆದರೆ ತಾನೇ ಬರುವುದು ಎಂಬ ಬಿಗುಮಾನ ಅವನಿಗೂ ಇದೆ ಎಂದು ಕಾಣುತ್ತದೆ. ಸುನಂದ ನಮ್ಮ ಮನೆಯ ಲೋಟದಲ್ಲೇ ಅವನಿಗೆ ಕಾಫಿ ಕೊಟ್ಟಳು. ಅವನ ಅವ್ವನಿಗೆ ಸೊಪ್ಪು ಕಟ್ಟುವ ಕಾಲದಲ್ಲಿ ಕೊಡುತ್ತಿದ್ದ ಲೋಟ ಬೇರೆ, ಅದು ಹಿತ್ತಲ ಗೂಡಿನಲ್ಲಿರುತ್ತಿತ್ತು. ನಾನು ನೋಡಿದೆ, ಏನೂ ಅನ್ನಲಿಲ್ಲ. ಅವನ ಗಡ್ಡ ಮಾತ್ರ ಸಹಿಸಲಾಗದ್ದು.

30 ಸೆಪ್ಟೆಂಬರ್, ಮಂಗಳವಾರ

ಪಟ್ಟಿ ಬಿಚ್ಚಿದರು. ಕಾಲು ಸೊರಗಿ ಬೇರೆ ಯಾರದೋ ಕಾಲಿನ ಹಾಗಿದೆ. ಕೋಲು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತೇನೆ.

ಮನೆಯಲ್ಲಿ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ. ಸೌಂದರ್ಯ 'ಅಮ್ಮ, ಮಾತ್ರೆ ತಗಬೇಕಂತೆ' ಎಂದು ಸುನಂದಳಿಗೆ ಹೇಳುತ್ತಾಳೆ. ನಾನು 'ತಗಂಡಾಯ್ತು ಅಂತ ಏಳು' ಎಂದು ಸುನಂದಳಿಗೆ ಹೇಳುತ್ತೇನೆ. ಸುನಂದ ನಡುವೆ ನಿಂತು ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ.

7 ಅಕ್ಟೋಬರ್, ಮಂಗಳವಾರ

ಮಧ್ಯಾಹ್ನ ಬೇಜಾರಾಗಿ ಟ್ಯಾಬು ತೆಗೆದೆ. ಇಳಿದರೆ ಹಳದಿ ಸಿಲಿಂಡರು ದೋಣಿಯ ಹತ್ತಿರವೇ ಇತ್ತು. ಒಳಕೋಣೆಯಲ್ಲಿ ಮಲಗಿ ಫೋನಿನಲ್ಲಿ ಆಡುತ್ತಿದ್ದಾಳೆ. ಹತ್ತಿಬಿಡೋಣವೆಂದುಕೊಂಡೆ. ಆದರೆ ನಿಯಮ ಇರುವುದು ಮಾತಿಗೆ, ಈಜಿಗೆ ಅಲ್ಲ.

ಒಂದು ಗುಳ್ಳೆ ಬಂತು. 'ಅಮ್ಮಂಗೆ ಇದ್ದಕ್ಕಿದ್ದಂಗೆ ಈಜು ಮರ್ತೋಯ್ತಲ್ಲ ಅಂತ ಆಗ ಭಯ ಆಗಿತ್ತು. ನೀವು ಎದ್ರಿಗಿದ್ದೀರಿ, ಅದ್ಕೇ ಅಮ್ಮ ಬರೀತಿಲ್ಲ ಅಂತ ನಾನೂ ಬರೀನಿಲ್ಲ.' ನಾನು, 'ಆಟ ಸರಿಯಿಲ್ಲ, ನನ್ನ ಈಜು ಸರಿಯಾಗೇ ಇತ್ತು' ಎಂದು ಬರೆದೆ. ಗೋಡೆಯ ಆಚೆಯಿಂದ ನಕ್ಕ ಸದ್ದು ಬಂತು. ಆ ನಗು ಕೇಳಿ ವರ್ಷದ ಮೇಲಾಗಿತ್ತು. ಸುಮಾರಾದ ನಗು, ಹೇಳಿಕೊಳ್ಳುವಂಥದ್ದೇನಲ್ಲ. ನಾನು ಇನ್ನಷ್ಟು ಹೊತ್ತು ನೀರಿನಲ್ಲೇ ಇದ್ದೆ.

ಈಗ ದಿನವೂ ಇಳಿಯುತ್ತೇವೆ. ನಾನು ಬರೆಯುತ್ತೇನೆ, ಅವಳು ಬರೆಯುತ್ತಾಳೆ. ಬರೆದದ್ದು ಒಡೆದುಹೋಗುತ್ತದೆ, ಆದ್ದರಿಂದ ಮಾತಾಡಿದ ಹಾಗಲ್ಲ. ಆ ಗಡ್ಡದವನ ದೋಣಿ ಬಂದರೂ ಕನ್ನಡಿಯನ್ನು ವಾಪಸ್ ಕೊಡುವುದಿಲ್ಲವಂತೆ. ಅಂಥದ್ದು ಒಂದೇ ಇದ್ದದ್ದಂತೆ. 'ಹೋಗ್ಲಿ ಬಿಡಿ ಅಪ್ಪ' ಎಂದು ಬರೆದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

15 ಅಕ್ಟೋಬರ್, ಬುಧವಾರ. ಪಿರಿಯಾಪಟ್ಟಣ, ಆಸ್ಪತ್ರೆ

ನಿನ್ನೆ ನಮ್ಮ ಬೇಲುಗಳು ಹರಾಜಿಗೆ ಹೋಗುವ ದಿನ. ಕಾಂತರಾಜುವನ್ನು ನಂಬಿ ಕಳಿಸುವುದುಂಟೆ, ಬೆಲೆ ಸರಿಯಿಲ್ಲದಿದ್ದರೆ ವಾಪಸ್ ಮಾಡಿಸೆಂದು ಸುನಂದಳನ್ನೂ ಜೊತೆಗೆ ಕಳಿಸಿದೆ. ಮನೆಯಲ್ಲಿ ನಾನು ನಡುಮನೆಯಲ್ಲಿ, ಸೌಂದರ್ಯ ಒಳಕೋಣೆಯಲ್ಲಿ.

ಮಧ್ಯಾಹ್ನ ನೀರಿಗೆ ಇಳಿದೆವು. ಕಂಬಗಳ ನಡುವೆ ಅವಳು ಮುಂದೆ, ನಾನು ಹಿಂದೆ. ಇದ್ದಕ್ಕಿದ್ದ ಹಾಗೆ ಹಳದಿ ಸಿಲಿಂಡರು ನಿಂತುಬಿಟ್ಟಿತು. ನಿಂತದ್ದು ನಿಂತೇ ಇತ್ತು, ಮೆಲ್ಲಗೆ ತಳಕ್ಕೆ ಇಳಿಯತೊಡಗಿತು. 'ನಿದ್ದೆ ಬಂತಾ? ಗಾಳಿ ಮುಗೀತದೆ, ಮೇಲಕ್ಕೆ ಬಾ' ಎಂದು ಬರೆದೆ. ಉತ್ತರವಿಲ್ಲ. ಹತ್ತಿರ ಹೋಗಿ ನನ್ನ ಕೊಳವೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

ಗೋಡೆಯ ಆಚೆಯಿಂದ 'ಅಪ್ಪಾ' ಎಂದು ಕೇಳಿಸಿತು.

ನನ್ನ ಬುದ್ಧಿಗೆ ಏನು ಹೇಳಬೇಕೋ. ನಾನು ಟ್ಯಾಬಿನಲ್ಲಿ 'ಏನು?' ಎಂದು ಬರೆದೆ.

'ಅಪ್ಪಾ, ಬರೀಬ್ಯಾಡಿ, ಬನ್ನಿ!'

'ಬಂದೆ ಕಣವ್ವ, ಬಂದೆ, ಬಂದೆ' ಎಂದು ಕೂಗಿಕೊಂಡು ಎದ್ದೆ. ಬಾಗಿಲು ದಾಟಿದ ಮೇಲೆ ನೋಡಿದರೆ ಕೋಲು ಮಂಚದ ಹತ್ತಿರವೇ ಇದೆ. ಅವಳು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಸೀರೆ ಒದ್ದೆಯಾಗಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಅಷ್ಟು ಗಟ್ಟಿಯಾಗಿ ಅವಳು ಕೈ ಹಿಡಿದದ್ದು ಸಣ್ಣವಳಿದ್ದಾಗ, ಹರಾಜುಕಟ್ಟೆಯ ಜನಜಂಗುಳಿಯಲ್ಲಿ. ನನಗೆ ಹೆದರಿಕೆಯಾಯಿತು. ಜೀವಮಾನದಲ್ಲಿ ಅಷ್ಟು ಹೆದರಿಕೆ ಯಾವತ್ತೂ ಆಗಿರಲಿಲ್ಲ.

ಪಕ್ಕದ ಮನೆಯವರ ಓಮ್ನಿಯಲ್ಲಿ ಕೂರಿಸಿಕೊಂಡು ಬಂದೆವು. ದಾರಿಯಲ್ಲಿ ಅವಳೇ ನಂಬರು ಹೇಳಿದಳು, ನಾನು ಒತ್ತಿದೆ. ಆ ಕಡೆಯಿಂದ ಸುರೇಶ ಹಲೋ ಎಂದ. 'ಬೇಗ ಬಾರಪ್ಪ' ಎಂದೆ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಅಡ್ಡ ನಿಂತು, 'ಗಂಡಸ್ರು ಒಳಗೆ ಬರಂಗಿಲ್ಲ. ಯಾರಾಗ್ಬೇಕು ನೀವು?' ಎಂದಳು.

'ನನ್ ಮಗ್ಳು ಕಣಮ್ಮ! ಸೌಂದರ್ಯ ಅಂತ! ನನ್ ಮಗ್ಳು!' ಎಂದೆ. ನಮ್ಮ ಊರಿನ ನಾಲ್ಕಾರು ಮಂದಿ ಅಲ್ಲಿ ಚೀಟಿ ಹಿಡಿದು ಕೂತಿದ್ದರು. ಎಲ್ಲರೂ ತಿರುಗಿ ನೋಡಿದರು. ನೋಡಲಿ.

ಸುನಂದ ಹರಾಜುಕಟ್ಟೆಯಿಂದ ಓಡಿ ಬಂದಳು. ಗಾವಡಗೆರೆಯಿಂದ ಚಿಕ್ಕಬಸಮ್ಮ ಬಂದಳು. ನಾನು ಕೂತಿದ್ದ ಬೆಂಚಿನಲ್ಲಿ ಜಾಗವಿದ್ದರೂ ಗೋಡೆಗೆ ಒರಗಿ ನಿಂತೇ ಇದ್ದಳು, ಮಂಡಿ ನೀವಿಕೊಳ್ಳುತ್ತ. ನೋಡುವಷ್ಟು ಹೊತ್ತು ನೋಡಿ, 'ಕೂತ್ಕಳವ್ವ' ಎಂದೆ. 'ಇರ್ಲಿ ಬುಡಿ ಅಯ್ಯ' ಎಂದಳು. 'ನೀ ನಿಂತಿದ್ರೆ ನಂಗೂ ನಿಂತ್ಕಬೇಕು ಅನ್ನುಸ್ತದೆ, ನನ್ ಕಾಲು ಮುರ್ದೈತೆ. ಕೂತ್ಕೊ' ಎಂದು ಗದರಿದೆ. ಕೂತಳು. ಒಳಗಿನ ಕೂಗು ನಿಲ್ಲುವ ತನಕ ಇಬ್ಬರೂ ಒಂದೇ ಬಾಗಿಲು ನೋಡಿಕೊಂಡು ಕೂತಿದ್ದೆವು.

ಹೆಣ್ಣು ಮಗು. ಮೂಗು ಗಾವಡಗೆರೆಯದು, ಅದಕ್ಕೇನೂ ಮಾಡುವ ಹಾಗಿಲ್ಲ.

20 ಅಕ್ಟೋಬರ್, ಸೋಮವಾರ

ತಾಯಿ ಮಗು ಮನೆಗೆ ಬಂದರು. ಮಾಯಮ್ಮ ಮಿರ್ಲೆಯಿಂದ ಫೋನು ಮಾಡಿ ತೊಟ್ಟಿಲ ವಿಚಾರ ಎತ್ತಿದಳು. ತೊಟ್ಟಿಲು ಆಗಲೇ ಇಳಿಸಿ ಒರೆಸಿಯಾಗಿದೆ, ಹಗ್ಗ ಬದಲಾಯಿಸಲು ಸುರೇಶ ಒಳಗೆ ಬಂದಿದ್ದಾನೆ, ಅವನು ಗಂಟು ಹಾಕುವ ರೀತಿ ನೋಡಿದರೆ ಮಗು ಕೆಳಗೆ ಬೀಳುವುದು ಖಂಡಿತ, ನಾನು ಹೋಗಿ ನೋಡಬೇಕು ಎಂದು ಫೋನು ಇಟ್ಟೆ.

ಒಂದು ವಿಷಯವನ್ನು ಇಲ್ಲಿ ಬರೆದಿಡಬೇಕು. ಮಾತಾಡುವುದಿಲ್ಲ ಎಂಬ ನನ್ನ ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಮೊನ್ನೆಯದು ಆಸ್ಪತ್ರೆಯ ಗಡಿಬಿಡಿ, ಅದು ಲೆಕ್ಕಕ್ಕಿಲ್ಲ. ನಿನ್ನೆ ಆಡಿದ್ದು ಮಗುವಿನ ಮಾಲಿಶಿನ ವಿಚಾರ, ಅದನ್ನು ಯಾರಾದರೂ ಹೇಳಲೇಬೇಕಿತ್ತು. ಇವತ್ತು ಬೆಳಿಗ್ಗೆ ಆಡಿದ್ದು ಹೆಸರಿನ ವಿಚಾರ. ಅವರು ಇಡಬೇಕೆಂದಿರುವ ಹೆಸರು ಬಾಯಿಗೇ ಬರುವುದಿಲ್ಲ, ಮನುಷ್ಯ ಎಷ್ಟು ಹೊತ್ತು ಸುಮ್ಮನಿರಲು ಸಾಧ್ಯ? ಇವೆಲ್ಲ ಬಿಟ್ಟರೆ ನಾನು ಅವಳ ಜೊತೆ ಒಂದು ಮಾತೂ ಆಡಿಲ್ಲ, ಇನ್ನು ಮುಂದೆಯೂ

ಸೌಂದರ್ಯ ಕರೆಯುತ್ತಿದ್ದಾಳೆ.